ನಮ್ಮೂರನ್ನು ಅಕ್ಕನಿಗೆ ಸೋತದ್ದು

ಅವರೆಕಾಯಿ ಕಾಲ ಬಂತೆಂದರೆ ನನಗೆ ಇವತ್ತಿಗೂ ಅಕ್ಕ ಬೇಕು. ನೆನೆಸಿದ ಕಾಳನ್ನು ಹಿತುಕಿ ಸಿಪ್ಪೆ ತೆಗೆಯುತ್ತಾ ಒಗಟು ಹಾಕಲು ಅವಳೇ ಬೇಕು. ಬೇರೆ ಯಾರು ಹಾಕಿದರೂ ನನಗೆ ರುಚಿಸುವುದಿಲ್ಲ.

ನಾವು ಹುಡುಗಿಯರಾಗಿದ್ದಾಗ ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಬೆಳಕಿರುವಾಗಲೇ ಕೆಲಸ ಮುಗಿಯಲೆಂದು ದೊಡ್ಡಬೆಳವಂಗಲದ ಹತ್ತಿರದ ನಮ್ಮೂರಲ್ಲಿ ಇಬ್ಬರೂ ಮಧ್ಯಾಹ್ನವೇ ಜಗಲಿಯ ಮೇಲೆ ಕೂರುತ್ತಿದ್ದೆವು. ಒಗಟು ಬಿಡಿಸಲಾಗದೆ ಸೋತವರು ಗೆದ್ದವರಿಗೆ ಒಂದು ಊರು ಕೊಡಬೇಕು, ಅದು ಆಟದ ಕಟ್ಟುಪಾಡು. ಬರೀ ಬಾಯಿಮಾತಿನ ದಾನವಾದರೂ ನನಗೆ ಹೊಟ್ಟೆ ಉರಿಯುತ್ತಿತ್ತು. ದೊಡ್ಡಬಳ್ಳಾಪುರ ಕೊಟ್ಟೆ, ದೊಡ್ಡಬೆಳವಂಗಲ ಕೊಟ್ಟೆ, ಆವತಿಯನ್ನೂ ಕೊಟ್ಟೆ. ಅಂದಾಜಿನಲ್ಲಿ ಹೇಳಿದ ಉತ್ತರ ಸರಿಯಿದ್ದರೂ ಅಕ್ಕ ಒಪ್ಪುತ್ತಿರಲಿಲ್ಲ.

“ಉತ್ತರ ಯಾರಿಗ್ ಬೇಕು? ಹೆಂಗ್ ಬಂತು ಅಂತ ಒಂದೊಂದಾಗಿ ಹೇಳ್ಕೊಂಡ್ ಬಾ” ಎನ್ನುತ್ತಿದ್ದಳು.

ಕೊನೆಗೆ ಅವಳನ್ನು ಆ ಆವತಿಗೇ ಮದುವೆ ಮಾಡಿ ಕೊಟ್ಟರು. ಗಾಡಿ ಹತ್ತುವಾಗಲೂ ಅವಳು ಸುಮ್ಮನಿರಲಿಲ್ಲ.

“ಒಂಬತ್ತಚ್ಚು ಬೆಲ್ಲ, ನೋಡಕ್ಕೆಲ್ಲಾ ಒಂದೇ ಥರ. ಒಂದ್ರೊಳಗೆ ಮಾತ್ರ ಕಲ್ಲೈತೆ, ಅದು ಭಾರ. ತಕ್ಕಡೀಲಿ ಎರಡೇ ಸಲ ತೂಗಿ ಅದ್ಯಾವ್ದು ಅಂತ ಹೇಳ್ಬೇಕು. ಸೋತ್ರೆ ನಮ್ಮೂರ್ನೇ ಕೊಡ್ಬೇಕು, ನಿನ್ಹತ್ರ ಅದೊಂದೇ ಉಳಿದಿರೋದು!”

ನಮ್ಮೂರನ್ನು ಕೊಡುವುದೇ? ನನಗೆ ಛಲ ಹತ್ತಿತು. ಒಂಬತ್ತು ಅವರೆಕಾಳು ಮುಂದಿಟ್ಟುಕೊಂಡು ಕೂತೆ. ನಾಲ್ಕಕ್ಕೆ ನಾಲ್ಕು ತೂಗಿದರೆ ಎರಡು ಸಲ ಸಾಲುತ್ತಿರಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಮೂರಕ್ಕೆ ಮೂರು ತೂಗಬೇಕು. ತಕ್ಕಡಿ ವಾಲಿದರೆ ಕಲ್ಲು ವಾಲಿದ ಕಡೆಯ ಮೂರರಲ್ಲಿದೆ, ಸಮ ನಿಂತರೆ ಹೊರಗುಳಿದ ಮೂರರಲ್ಲಿದೆ. ಇನ್ನು ಆ ಮೂರರಲ್ಲಿ ಒಂದಕ್ಕೆ ಒಂದು ತೂಗಿದರೆ ವಾಲಿದ್ದೇ ಕಲ್ಲಿನ ಅಚ್ಚು, ವಾಲದಿದ್ದರೆ ಉಳಿದದ್ದು. ಖುಷಿಯಿಂದ ಅವ್ವನ ಹತ್ತಿರ ಓಡಿ ಹೇಳಿದೆ.

“ಒಡೆದ್ ನೋಡಿದ್ರೆ ಆಗಲ್ವೇನೇ?” ಎಂದಳು ಅವ್ವ. ಅಕ್ಕನಿಲ್ಲದ ಮನೆ ಎಂದರೆ ಏನೆಂದು ನನಗೆ ತಿಳಿದದ್ದು ಆಗಲೇ.

ಮುಂದಿನ ಅವರೆಕಾಯಿ ಕಾಲಕ್ಕೆ ಅಕ್ಕ ಬಂದಳು. ಸೊರಗಿದ್ದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಕಾಳು ಹಿತುಕುತ್ತಾ ತಲೆ ಎತ್ತದೆ ಹೇಳಿದಳು: “ಅಲ್ಲಿ ನಾನು ಹೊರಗಿನೋಳು ಕಣೇ. ಇಲ್ಲಿಗ್ ಬಂದ್ರೆ ಅವ್ವ ನೆಂಟ್ರಿಗೆ ಹಾಕ್ದಂಗೆ ಮಣೆ ಹಾಕಿ ಬಡಿಸ್ತಾಳೆ. ನಂದು ಅಂತ ಯಾವೂರೂ ಇಲ್ಲ.” ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಬೆಲ್ಲ ಏನಾಯ್ತು?” ಎಂದಳು.

“ಸೋತೆ ಕಣಕ್ಕ. ನಮ್ಮೂರು ನಿಂದೇ” ಎಂದೆ.

ಅವಳ ಮುಖ ಅರಳಿತು. ಒಂಬತ್ತು ಕಾಳು ಜೋಡಿಸಿ, ಮೂರಕ್ಕೆ ಮೂರು ಎಂದು ಶುರು ಮಾಡಿದಳು. ಏನೂ ತಿಳಿಯದವಳಂತೆ ನಾನು “ಆಮೇಲೆ? ಆಮೇಲೆ?” ಎಂದು ಕೇಳುತ್ತಾ ಹೋದೆ. ಆ ಮಧ್ಯಾಹ್ನ ಮುಗಿಯಬಾರದಿತ್ತು.

ಅಕ್ಕ ತೀರಿಕೊಂಡು ಬಹಳ ವರ್ಷಗಳಾದವು. ಈಗ ಅವಳಿಗೆ ಸೋತ ನಮ್ಮೂರಿಗೆ ಹೋದರೆ ನನಗೂ ಮಣೆ ಹಾಕಿ ಬಡಿಸುತ್ತಾರೆ. ಉಣ್ಣುತ್ತಾ, ಊರಿನ ಯಜಮಾನಿ ಇನ್ನೂ ಯಾಕೆ ಬರಲಿಲ್ಲವೆಂದು ಬಾಗಿಲ ಕಡೆ ನೋಡುತ್ತೇನೆ.