ಡೀಸೆಲ್ ಜಾಯಿಂಟಿಗೆ ಸುತ್ತಿದ ಟೇಪು

ನಿವೃತ್ತಿಯಾದ ಮೇಲೂ ನಾನು ಬೆಳಗ್ಗೆ ಎಂಟಕ್ಕೆ ಶೆಡ್ಡಿನ ಬಾಗಿಲು ತೆಗೆಯುತ್ತೇನೆ, ಸಂಜೆ ಐದಕ್ಕೆ ಹಾಕುತ್ತೇನೆ. ಮೂವತ್ತೊಂದು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಡೀಸೆಲ್ ವಿಭಾಗ ನೋಡಿಕೊಂಡವನಿಗೆ ಬೇರೆ ರೀತಿ ಬದುಕಲು ಬರುವುದಿಲ್ಲ. ಕೊಳ್ಳೇಗಾಲದಲ್ಲಿ ಮನೆಯ ಪಕ್ಕಕ್ಕೇ ಇರುವ ಈ ಶೆಡ್ಡಿಗೆ ಈಗ ಬರುವುದು ಪರಿಚಯದವರ ಗಾಡಿಗಳು ಮಾತ್ರ. ಸ್ಪ್ಯಾನರುಗಳು ಗೋಡೆಯ ಹಲಗೆಯ ಮೇಲೆ ಅಳತೆಯ ಕ್ರಮದಲ್ಲಿ ನೇತಾಡುತ್ತವೆ. ಸಂಜೆ ಒಂದು ಮೊಳೆ ಖಾಲಿ ಕಂಡರೆ ಆ ಸ್ಪ್ಯಾನರ್ ಯಾರದೋ ಗಾಡಿಯೊಳಗೆ ಉಳಿದಿದೆ ಎಂದು ಅರ್ಥ.

ರಾಮಾಪುರದವನೊಬ್ಬ ಹಳೆಯ ಡೀಸೆಲ್ ಜೀಪು ಇಟ್ಟುಕೊಂಡಿದ್ದ. ಮೊದಲು ಮಲೆ ಮಹದೇಶ್ವರ ಬೆಟ್ಟಕ್ಕೆ ಬಾಡಿಗೆ ಹೊಡೆಯುತ್ತಿದ್ದ. ಹೆಂಡತಿಯ ಕಿಡ್ನಿಗಳು ಕೆಲಸ ನಿಲ್ಲಿಸಿದ ಮೇಲೆ ಅದನ್ನು ಬಿಟ್ಟ. ಆ ತಾಯಿಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ಕೊಳ್ಳೇಗಾಲದ ಆಸ್ಪತ್ರೆಗೆ ಕರೆತರಬೇಕಿತ್ತು. ಅವರ ಸರದಿ ಬೆಳಗ್ಗೆ ಎಂಟರಿಂದ ಹನ್ನೆರಡು. ಹನ್ನೆರಡಕ್ಕೆ ಅದೇ ಮಂಚಕ್ಕೆ ಮತ್ತೊಬ್ಬ ರೋಗಿ ಬರುತ್ತಾರೆ. ತಡವಾದಷ್ಟೂ ಮೈಯಲ್ಲಿ ನೀರು ಉಳಿಯುತ್ತದೆ, ಉಸಿರು ಕಟ್ಟುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಅವನು ಜೀಪು ತಂದ. ಏರಿನಲ್ಲಿ ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಬಾನೆಟ್ ಎತ್ತಿದೆ. ಡೀಸೆಲ್ ಫಿಲ್ಟರಿಗೆ ಪೈಪು ಸೇರುವ ಮೊಣಕೈಯಾಕಾರದ ಎಲ್ಬೋಗೆ ಬಿಳಿ ನೂಲು ದಪ್ಪಗೆ ಸುತ್ತಿತ್ತು, ಮೇಲೆ ಅರಗು ಮೆತ್ತಿತ್ತು.

"ಏನಯ್ಯ ಇದು, ಎಲ್ಬೋಗೆ ಸೀರೆ ಉಡಿಸಿದ್ದೀಯಲ್ಲ!"

"ರೇಷ್ಮೆ ನೂಲು ಸಾ. ನಮ್ಮೋಳು ಮದುವೆಗೆ ಮುಂಚೆ ಇಲ್ಲೇ ನೂಲು ಬಿಚ್ಚೋ ಮನೇಲಿ ಕೆಲ್ಸ ಮಾಡ್ತಿದ್ಲಲ್ಲ, ಅವ್ಳ ಹತ್ರ ಇತ್ತು. ಹಳೇ ಮೆಕ್ಯಾನಿಕ್‌ಗಳೆಲ್ಲ ಇದ್ನೇ ಸುತ್ತೋರು ಅಂದ್ರು."

ಸುತ್ತುತ್ತಿದ್ದದ್ದು ನಿಜ. ಮಗ್ಗಗಳ ಊರಿನಲ್ಲಿ ಮೊದಲು ಕೈಗೆ ಸಿಗುವುದೇ ರೇಷ್ಮೆಯ ತುಂಡು ನೂಲು. ನಾನು ಡಿಪೋಗೆ ಸೇರಿದಾಗ ಅಲ್ಲಿನ ಹಿರಿಯ ಮೇಸ್ತ್ರಿಯೂ ಅದನ್ನು ಅರಗಿನಲ್ಲಿ ಅದ್ದಿ ಸುತ್ತುತ್ತಿದ್ದರು. ಆದರೆ ಅರಗು ಒಣಗಿ ಬಿರುಕು ಬಿಟ್ಟರೆ ಆ ಬಿರುಕಿನಿಂದ ಗಾಳಿ ನುಗ್ಗುತ್ತದೆ. ಡೀಸೆಲ್ ಟ್ಯಾಂಕ್ ಕೆಳಗಿದೆ, ಪಂಪು ಅದನ್ನು ಮೇಲಕ್ಕೆ ಹೀರುತ್ತದೆ. ಹೀರುವ ದಾರಿಯಲ್ಲಿ ಜಾಯಿಂಟ್ ಸಡಿಲವಾದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲ ಒಣಗಿರುತ್ತದೆ, ಎಂಜಿನ್ ನಿಲ್ಲುತ್ತದೆ. ಇದನ್ನೆಲ್ಲ ಅವನಿಗೆ ಗದರುತ್ತಲೇ ಹೇಳಿದೆ. ನೂಲನ್ನು ಒಂದು ಎಳೆಯೂ ಬಿಡದೆ ತಂತಿಯ ಬ್ರಷ್ಷಿನಿಂದ ಕಿತ್ತೆ.

ಎಲ್ಬೋದ ತ್ರೆಡ್, ಅಂದರೆ ತಿರುಪಿನ ಎಳೆಗಳು, ಸ್ವಲ್ಪ ಸವೆದಿದ್ದವು. ಅದಕ್ಕೆ ತಕ್ಕದ್ದು ದ್ರವ ಸೀಲೆಂಟ್. ತ್ರೆಡ್ಡನ್ನು ಎಣ್ಣೆಯ ಪಸೆ ಇಲ್ಲದಂತೆ ತೊಳೆದು, ಒಣಗಿಸಿ, ಮೊದಲ ಎರಡು ಎಳೆ ಬಿಟ್ಟು ಹಚ್ಚಬೇಕು. ಬಿಗಿದ ಮೇಲೆ ಒಳಗೆ ಗಾಳಿ ಇಲ್ಲದ ಕಡೆ ಅದು ಗಟ್ಟಿಯಾಗುತ್ತದೆ. ಅದಕ್ಕೆ ಒಂದು ಇಡೀ ದಿನ ಬೇಕು. ನನ್ನ ಬಾಟಲಿ ಖಾಲಿಯಾಗಿತ್ತು. ಸೋಮವಾರ ಎಂಟಕ್ಕೆ ಅವರ ಸರದಿ.

ಅಂದು ಬೆಳಗ್ಗೆ ಮನೆಯ ನೀರಿನ ಟ್ಯಾಂಕಿನ ನಲ್ಲಿ ಬದಲಿಸಿದ್ದೆ. ಆ ಕೆಲಸದ ಬಿಳಿ ಟೇಪಿನ ಸುರುಳಿ ಅಂಗಿಯ ಜೇಬಿನಲ್ಲೇ ಇತ್ತು. ಡೀಸೆಲ್ ವಿಭಾಗದೊಳಕ್ಕೆ ಆ ಟೇಪನ್ನು ಯಾರೂ ತರಬಾರದು ಎಂದು ನಾನೇ ಎಷ್ಟೋ ವರ್ಷ ಕಾವಲು ಕಾದಿದ್ದೆ. ಬಿಗಿಯುವಾಗ ಅದರ ಅಂಚು ಚೂರಾಗಿ ಒಳಗೆ ಸೇರುತ್ತದೆ ಎಂಬುದು ಗೊತ್ತಿತ್ತು. ಆದರೂ ಜೇಬಿನಿಂದ ತೆಗೆದೆ. ಮೂರು ಸುತ್ತು ಸುತ್ತಿದೆ. ನೀರಿನ ಪೈಪಿಗೆ ಸುತ್ತಿದ ಹಾಗೆ ತುದಿಯವರೆಗೂ ಸುತ್ತಿದೆ. ಬಿಗಿದೆ, ಒರೆಸಿದೆ, ಸ್ಪ್ಯಾನರನ್ನು ಮೊಳೆಗೆ ಹಾಕಿದೆ. ಎಂಜಿನ್ ಒಂದೇ ಸಲಕ್ಕೆ ಎದ್ದಿತು.

ಸೋಮವಾರ ಹನೂರು ದಾಟಿದ ಮೇಲೆ ಜೀಪು ನಿಂತುಹೋಯಿತು. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಆ ತಾಯಿಗೆ ನಿಂತು ಬರುವ ಶಕ್ತಿಯೂ ಇರಲಿಲ್ಲ. ಕೊನೆಗೆ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟಿದ್ದ ಟ್ರ್ಯಾಕ್ಟರಿನವನು ಚಕ್ರದ ಮೇಲಿನ ಮಡ್‌ಗಾರ್ಡಿಗೆ ಗೋಣಿಚೀಲ ಹಾಸಿ ಕೂರಿಸಿಕೊಂಡು ಬಂದನಂತೆ. ಆಸ್ಪತ್ರೆ ತಲುಪಿದಾಗ ಹತ್ತು ಗಂಟೆ. ಎರಡೇ ಗಂಟೆ ಸಿಕ್ಕಿತು. ಡಾಕ್ಟರು ಮರುದಿನ ಎಂಟಕ್ಕೆ ಒಂದು ಮಂಚ ಖಾಲಿ ಇದೆ, ತಪ್ಪದೆ ಬನ್ನಿ ಎಂದು ಹೇಳಿ ಕಳಿಸಿದರು.

ಮಧ್ಯಾಹ್ನ ಅವನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಜೀಪನ್ನು ನನ್ನ ಶೆಡ್ಡಿಗೆ ಎಳೆಸಿಕೊಂಡು ಬಂದ. ಆ ತಾಯಿ ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತರು. ಕಾಲು ಊದಿತ್ತು. ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ನನ್ನ ಹೆಂಡತಿ ಅರ್ಧ ಲೋಟ ನೀರು ತಂದರೆ, "ಎರಡು ಗುಟುಕು ಸಾಕು ಕಣಕ್ಕ, ಅಳ್ತೆ ಮೀರಂಗಿಲ್ಲ" ಎಂದರು.

ನಾನು ಡೀಸೆಲ್ ಪಂಪಿನ ಬಾಯಿ ಬಿಚ್ಚಿದೆ. ಒಳಗಿನ ಪುಟ್ಟ ಜಾಲರಿಗೆ ಬೆಳ್ಳಗೆ ಏನೋ ಸುತ್ತಿಕೊಂಡಿತ್ತು. ಚಿಮಟದಲ್ಲಿ ಹಿಡಿದು ಎಳೆದು ಅಂಗೈಯಲ್ಲಿ ಇಟ್ಟುಕೊಂಡೆ.

ಅವನು ಬಗ್ಗಿ ನೋಡಿದ. ಮುಖ ಕಪ್ಪಿಟ್ಟಿತು. "ನನ್ ನೂಲು ಸಾ. ನೀವು ಕಿತ್ತಾಗ ಒಳಗೆ ಉಳ್ಕಂಡಿರದು." ಹೆಂಡತಿಯ ಕಡೆ ತಿರುಗಿದ. "ನಾನೇ ಕಣಮ್ಮಿ ನಿನ್ನ ಈ ಗತಿಗೆ ತಂದದ್ದು. ಬುದ್ಧಿ ಇಲ್ದೆ ಸುತ್ಬುಟ್ಟೆ. ತಪ್ಪಾಯ್ತು." ಎಂದು ಎರಡೂ ಕೈ ಮುಗಿದ.

ಅದು ಏನೆಂದು ನನಗೆ ಕಂಡ ಕೂಡಲೇ ತಿಳಿದಿತ್ತು. ಅದನ್ನು ಹೇಳುವ ಬದಲು ಚಿಮಟ ಒರೆಸಿದೆ. ಅದನ್ನು ಅದರ ಜಾಗದಲ್ಲಿಟ್ಟೆ.

"ಕೊಡಿ ಇಲ್ಲಿ ಅಣ್ಣ" ಎಂದು ಆ ತಾಯಿ ಕೈ ಚಾಚಿದರು. ಆ ಚೂರನ್ನು ಎರಡು ಬೆರಳುಗಳ ನಡುವೆ ಹೊಸೆದರು. ಎರಡು ತುದಿ ಹಿಡಿದು ಎಳೆದರು. ಅದು ಹಿಗ್ಗಿತು.

"ಇದು ರೇಷ್ಮೆ ಅಲ್ಲ ಕಣ್ರಿ. ರೇಷ್ಮೆ ಆಗಿದ್ರೆ ಎಳೆ ಎಳೆ ಬಿಟ್ಕತಿತ್ತು. ಇದು ಉದ್ದ ಆಯ್ತಾ ಅದೆ." ಗಂಡನಿಗೆ ಇಷ್ಟು ಹೇಳಿ ನನ್ನನ್ನು ನೋಡಿದರು.

"ಅದು ಟೇಪು," ಎಂದೆ. "ನೀರಿನ ಪೈಪಿನದು. ನಾನು ಸುತ್ತಿದ್ದು."

ಅವನು ಮುಗಿದ ಕೈಯನ್ನು ನಿಧಾನವಾಗಿ ಇಳಿಸಿದ. "ಸಾ, ನೀವಾ?"

"ನಾನೇ. ಸುತ್ತಬಾರದು ಅಂತ ಗೊತ್ತಿದ್ದೂ ಸುತ್ತಿದೆ. ಬೇಗ ಆಗಲಿ ಅಂತ."

"ಓಗ್ಲಿ ಬುಡಿ ಸಾ, ನೀವೇನು ಬೇಕು ಅಂತ ಮಾಡಿದ್ರಾ?" ಎಂದ ಅವನು. ಆದರೆ ಆ ತಾಯಿ ಬಿಡಲಿಲ್ಲ. ಉಸಿರು ಕೂಡಿಸಿಕೊಂಡು ಹೇಳಿದರು.

"ಟೇಪು ಸುತ್ತಿದ್ದು ಇರ್ಲಿ ಅಣ್ಣ. ಇವ್ರು ನನ್ನ ಮುಂದೆ ಕೈ ಮುಗುದ್ರಲ್ಲ, ಆಗ್ಲೇ ನಿಜ ಏಳ್ಬೇಕಾಗಿತ್ತು."

ಡಿಪೋದಲ್ಲಿ ನನ್ನ ಕೈಕೆಳಗಿನವರ ತಪ್ಪನ್ನು ಅಲ್ಲೇ, ಎಲ್ಲರ ಎದುರಿಗೇ ಎತ್ತಿ ಆಡುತ್ತಿದ್ದವನು ನಾನು.

"ಇವತ್ತು ಊರಿಗೆ ಹೋಗಬೇಡಿ," ಎಂದೆ. "ನಾಳೆ ಬೆಳಗ್ಗೆ ನಮ್ಮ ಮನೆಯಿಂದಲೇ ಆಟೋದಲ್ಲಿ ಆಸ್ಪತ್ರೆಗೆ ಹೋಗಿ. ಈ ಜಾಯಿಂಟಿಗೆ ಒಂದು ದಿನ ಬೇಕು. ಈ ಸಲ ಪೂರ್ತಿ ಕೊಡುತ್ತೇನೆ."

ಅವನು ಹೆಂಡತಿಯ ಮುಖ ನೋಡಿದ. ಅವರು ಆಗಲಿ ಎಂಬಂತೆ ತಲೆಯಾಡಿಸಿದರು.

ಊರಿನ ಅಂಗಡಿಗಳಲ್ಲಿ ಸಿಕ್ಕಿದ್ದು ಅದೇ ಬಿಳಿ ಟೇಪು, ಮತ್ತೆ ಒಂದು ಕಪ್ಪು ಪೇಸ್ಟು. ಪೇಸ್ಟಿನ ಟ್ಯೂಬಿನ ಮೇಲೆ ಡೀಸೆಲ್ಲಿಗೆ ಆಗುತ್ತದೆ ಎಂದು ಎಲ್ಲೂ ಬರೆದಿರಲಿಲ್ಲ. ಅಂಗಡಿಯವನು, "ಎಲ್ರೂ ಹಾಕ್ತಾರೆ ಸಾರ್, ನಿಮ್ದೊಳ್ಳೆ ರಾಮಾಯಣ" ಎಂದ. ಶೆಡ್ಡಿಗೆ ಬೀಗ ಹಾಕಿ ಯಳಂದೂರಿನ ಬಸ್ ಹತ್ತಿದೆ. ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ದ್ರವ ಸೀಲೆಂಟಿನ ಬಾಟಲಿ ಸಿಕ್ಕಿತು. ಕನ್ನಡಕ ಹಾಕಿಕೊಂಡು ಅದರ ಮೇಲಿನ ಬರಹವನ್ನೆಲ್ಲ ಓದಿದೆ. ಡೀಸೆಲ್ ಎಂಬ ಮಾತು ಇತ್ತು. ಗಟ್ಟಿಯಾಗಲು ಬೇಕಾದ ಹೊತ್ತು ಇತ್ತು. ಮುಗಿಯುವ ತಾರೀಖು ದೂರವಿತ್ತು. ತಂದೆ.

ವಾಪಸು ಬಂದಾಗ ಐದಾಗಿತ್ತು. ಬಾಗಿಲು ಹಾಕುವ ಹೊತ್ತಿಗೆ ಬಾಗಿಲು ತೆಗೆದೆ. ಟೇಪಿನ ಚೂರುಗಳನ್ನೆಲ್ಲ ಆಯ್ದೆ, ಪಂಪು ಮತ್ತು ಪೈಪನ್ನು ಗಾಳಿ ಹೊಡೆದು ಚೊಕ್ಕಟ ಮಾಡಿದೆ. ಸವೆದ ಎಲ್ಬೋ ಬದಲು ನನ್ನ ಡಬ್ಬಿಯಲ್ಲಿದ್ದ ಇನ್ನೊಂದನ್ನು ಹಾಕಿದೆ. ಅವನು ಟಾರ್ಚ್ ಹಿಡಿದು ನಿಂತಿದ್ದ. ಪಕ್ಕದ ಇನ್ನೊಂದು ಜಾಯಿಂಟಿಗೂ ಸ್ವಲ್ಪ ಹಚ್ಚಿಬಿಡಿ ಎಂದ. ಅದಕ್ಕೆ ತಾಮ್ರದ ವಾಷರ್ ಇದೆ, ಅದು ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ, ಬೇಡದ ಕಡೆ ಹಚ್ಚುವುದೂ ತಪ್ಪೇ ಎಂದೆ. ಎಲ್ಬೋದ ಮೊದಲ ಎರಡು ಎಳೆ ಬಿಟ್ಟು ಸುತ್ತಲೂ ಸೀಲೆಂಟ್ ಹಚ್ಚಿ ಬಿಗಿದೆ. ಮುಂದೆ ಮಾಡಲು ಏನೂ ಇರಲಿಲ್ಲ. ಕಾಯಬೇಕಿತ್ತು.

ಮಂಗಳವಾರ ಆ ತಾಯಿಗೆ ಪೂರ್ತಿ ನಾಲ್ಕು ಗಂಟೆ ಸಿಕ್ಕಿತು. ಸಂಜೆ ಇಪ್ಪತ್ತನಾಲ್ಕು ಗಂಟೆ ತುಂಬಿದ ಮೇಲೆ ಜೀಪು ಚಾಲೂ ಮಾಡಿದೆ. ಅರ್ಧ ಗಂಟೆ ಓಡಲು ಬಿಟ್ಟು ಕಿವಿಗೊಟ್ಟೆ. ಕೆಮ್ಮು ಇರಲಿಲ್ಲ. ಅವರು ರಾಮಾಪುರಕ್ಕೆ ಹೊರಟರು. ಆ ತಾಯಿ ನನ್ನ ಹೆಂಡತಿಗೆ ಹೋಗಿಬರುತ್ತೇನೆ ಎಂದರು, ನನಗೆ ಹೇಳಲಿಲ್ಲ.

ಅವರ ಮುಂದಿನ ಸರದಿ ಗುರುವಾರ. ನಾನು ಏಳೂವರೆಗೇ ಆಸ್ಪತ್ರೆಯ ಗೇಟಿನ ಬಳಿ ಹೋಗಿ ನಿಂತೆ. ಹನೂರಿನ ಕಡೆಯಿಂದ ಬಂದ ಬಸ್ಸುಗಳು ಹೋದವು, ಕಬ್ಬಿನ ಟ್ರ್ಯಾಕ್ಟರುಗಳು ಹೋದವು. ಏಳೂ ಐವತ್ತಾಯಿತು. ಫೋನು ಮಾಡಲು ಕೈ ಬರಲಿಲ್ಲ. ಇನ್ನೆರಡು ನಿಮಿಷ ಕಳೆದ ಮೇಲೆ ಜೀಪು ತಿರುವಿನಲ್ಲಿ ಕಾಣಿಸಿತು.

ಅವನು ಇಳಿದವನೇ, ನಾನು ಕೇಳುವ ಮೊದಲೇ ಬಾನೆಟ್ ಎತ್ತಿದ. "ಏರಲ್ಲೂ ಒಂದ್ ಸಲಾನೂ ಕೆಮ್ಲಿಲ್ಲ ಸಾ. ದನದ ಹಿಂಡು ಅಡ್ಡ ಬಂತು, ಅದುಕ್ಕೆ ಒತ್ತಾಯ್ತು." ನಾನು ಎಲ್ಬೋದ ಸುತ್ತ ಬೆರಳು ಆಡಿಸಿದೆ. ಎಲ್ಲೂ ಸಡಿಲವಿರಲಿಲ್ಲ.

ಆ ತಾಯಿ ಬಾಗಿಲ ಕಂಬಿ ಹಿಡಿದು ನಿಧಾನವಾಗಿ ಇಳಿದರು. ನನ್ನ ಕೈಗಡಿಯಾರದ ಕಡೆ ನೋಡಿದರು.

"ಎಷ್ಟಾಯ್ತು ಅಣ್ಣ?"

"ಎಂಟಕ್ಕೆ ಐದು ನಿಮಿಷ ಇದೆ."

"ಹಂಗಾರೆ ನಡ್ಕಂಡೇ ಓಯ್ತೀನಿ, ಗಾಲಿ ಕುರ್ಚಿ ಬ್ಯಾಡ" ಎಂದು ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನರ್ಸು ಅವರ ಹೆಸರು ಕೂಗಿದ್ದು, ಅವರು ಓಗೊಟ್ಟದ್ದು ಹೊರಗೆ ನಿಂತ ನಮ್ಮಿಬ್ಬರಿಗೂ ಕೇಳಿಸಿತು.