ಹಂದಿಮರಿಗಳ ಗಂಜಿ

ಹೊಳನಗದ್ದೆಯ ನಮ್ಮ ಮನೆಯ ಹಿಂದೆ ಹಂದಿಗೂಡು ಎದ್ದಾಗ ಮೊದಲು ಮೂಗು ಮುಚ್ಚಿದವಳು ಅಮ್ಮ. ಅಣ್ಣ ತೀರಿಕೊಂಡ ಮೇಲೆ, ಯಾರ ಮುಂದೆಯೂ ಕೈಚಾಚಬಾರದೆಂದು ಅತ್ತಿಗೆ ಹಟ ಹಿಡಿದು ಕಟ್ಟಿಸಿದ ಗೂಡು ಅದು. ಮೊದಲ ಸೂಲಿನ ಮರಿಗಳು ತಾಯಿಹಾಲು ಬಿಡಿಸಿದ ವಾರದಲ್ಲೇ ಭೇದಿ ಹತ್ತಿ ಸತ್ತವು. ಜಾಗ ದೊಡ್ಡಪ್ಪನದು. ಇನ್ನೊಮ್ಮೆ ಹೀಗಾದರೆ ಗೂಡು ಕೀಳಿಸುತ್ತೇನೆ ಎಂದು ಅಂಗಳದಲ್ಲೇ ನಿಂತು ಹೇಳಿದ್ದರು. ಆಡಿದ್ದನ್ನು ಮಾಡದೆ ಬಿಡುವ ಜನ ಅಲ್ಲ ಅವರು.

ಎರಡನೆಯ ಸೂಲಿಗೆ ಪಶುವೈದ್ಯರು ಒಂದು ಪುಡಿ ಕೊಟ್ಟರು. ಹಾಲು ಬಿಟ್ಟ ಮರಿಯ ಕರುಳಲ್ಲಿ ಕೆಟ್ಟ ಸೂಕ್ಷ್ಮಜೀವಿಗಳು ಮೇಲೇಳುತ್ತವಂತೆ. ಪುಡಿಯಲ್ಲಿ ಇರುವವು ಒಳ್ಳೆಯವು, ಮೊಸರಿನ ಹೆಪ್ಪಿನ ಹಾಗೆ ಜೀವ ಇರುವಂಥವು. ತಣ್ಣನೆಯ ಆಹಾರಕ್ಕೆ ಕಲಸಿ ಕೊಡಿ ಎಂದರು. ಅತ್ತಿಗೆ ಹಾಗೇ ಮಾಡಿದಳು. ಮರಿಗಳು ಗಟ್ಟಿಯಾಗಿ ಓಡಾಡತೊಡಗಿದವು.

ಅಷ್ಟರಲ್ಲಿ ಮಿರ್ಜಾನದಿಂದ ಫೋನು. ಅತ್ತಿಗೆಯ ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದರು. ನಾನೋ, ಬೆಳಗಿನ ಬಸ್ಸಿಗೆ ಕುಮಟೆಯ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೂಗು ಮುಚ್ಚಿದ್ದ ಅಮ್ಮನೇ ಮುಂದೆ ಬಂದು, ನೀ ಹೋಗು ಮಗಾ, ಪುಡಿ ನಾ ಹಾಕ್ತೆ ಎಂದಳು. ತಣ್ಣಗಿದ್ದಾಗ ಹಾಕಬೇಕು ಅಂತ ಅತ್ತಿಗೆ ಹೇಳಿಯೇ ಬಸ್ಸು ಹತ್ತಿದಳು.

ಕೆಲವು ದಿನ ಎಲ್ಲ ಸರಿಯೇ ಇತ್ತು. ಆಮೇಲೊಂದು ಸಂಜೆ ನಾನು ಬಸ್ಸಿಳಿದು ಬರುವಾಗ ಗೂಡಿನಿಂದ ಸದ್ದೇ ಇಲ್ಲ. ಊಟದ ಹೊತ್ತಿಗೆ ಕಿರುಚಿ ಊರು ಎಬ್ಬಿಸುತ್ತಿದ್ದ ಮರಿಗಳು ಮೂಲೆಯಲ್ಲಿ ಒಂದಕ್ಕೊಂದು ಒತ್ತಿ ಬಿದ್ದಿದ್ದವು. ನೆಲವೆಲ್ಲ ನೀರು ನೀರು, ಹುಳಿ ನಾತ. ಪಕ್ಕದ ಗೂಡಿನಲ್ಲಿ ತಾಯಿಹಂದಿ ಗೋಡೆಗೆ ಮೂತಿ ತಿಕ್ಕುತ್ತಲೇ ಇತ್ತು. ಪುಡಿ ಹಾಕಿದೆಯಾ ಎಂದರೆ ಅಮ್ಮ ಚೀಲ ತಂದು ತೋರಿಸಿದಳು. ಬೇಕಾದಷ್ಟೇ ಖರ್ಚಾಗಿತ್ತು. ವೈದ್ಯರು ಬಂದು ಸೂಜಿ ಚುಚ್ಚಿ, ಚೀಲ ತಿರುಗಿಸಿ ತಾರೀಖು ನೋಡಿ, ಪುಡಿ ಸರಿಯಾಗೇ ಇದೆ ಎಂದರು. ಅತ್ತಿಗೆ ಓಡಿ ಬರುವಷ್ಟರಲ್ಲಿ ಅರ್ಧ ಮರಿಗಳು ಮಣ್ಣು ಸೇರಿದ್ದವು. ಮಾಡಿನ ಮೇಲೆ ಕಾಗೆಗಳು ಬೆಳಗಿನಿಂದಲೇ ಬಂದು ಕೂರುತ್ತಿದ್ದವು, ದರಿದ್ರದವು.

ಭಾನುವಾರ ನಾನೂ ಅತ್ತಿಗೆಯೂ ಇನ್ನೊಂದು ಮರಿಯನ್ನು ಹುಗಿದು ಬರುತ್ತಿದ್ದೆವು. ಅತ್ತಿಗೆ ಬಂದ ಮೇಲೂ ಗಂಜಿಯ ಕೆಲಸ ಬಿಟ್ಟುಕೊಡದ ಅಮ್ಮ ಬಚ್ಚಲ ಒಲೆಯ ಮುಂದೆ ಕೂತಿದ್ದಳು. ಗಂಜಿ ಕೊತಕೊತ ಕುದಿಯುತ್ತಿತ್ತು. ಅದಕ್ಕೆ ಪುಡಿ ಸುರಿದು ಸೌಟಿನಲ್ಲಿ ತಿರುಗಿಸುತ್ತಿದ್ದಳು.

"ಎಂತ ಮಾಡ್ತಿದ್ದೆ ಅಮ್ಮ?"

"ಎಳೆ ಹೊಟ್ಟೆಗೆ ಹಸಿ ಪುಡಿ ಕೊಡೂದ? ಮೊದಲ ದಿನದಿಂದ್ಲೂ ಕುದಿಸೇ ಹಾಕಿದ್ದು. ನಿಂಗಳಿಗೂ ಎಲ್ಲ ಕುದಿಸೇ ಕೊಟ್ಟು ದೊಡ್ಡ ಮಾಡಿದ್ದು. ಗಂಜಿ ತಣಿಸಿಯೇ ಹಾಕ್ತೆ, ಡಾಕ್ಟರು ಹೇಳಿದ ಹಾಗೆ."

ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಚೀಲದಲ್ಲಿ ಬಂದದ್ದು ಅವಳ ಪಾಲಿಗೆ ಔಷಧ, ಔಷಧವೆಂದರೆ ಕಷಾಯ. ಪುಡಿ ಸರಿಯಾಗಿ ಹಾಕಿದ್ದರೆ ಎಲ್ಲವೂ ಉಳಿಯುತ್ತಿದ್ದವೆಂದು ನಾನು ಹೇಳಲಾರೆ. ಆದರೂ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮಣ್ಣುಗೈಯಲ್ಲೇ ನನ್ನ ಮುಂಗೈ ಹಿಡಿದಳು. ಎಂಥ ಹಿಡಿತ ಅದು!

ಆ ದಿನದಿಂದ, ಕುದಿಸಿದ್ದು ತಪ್ಪೆಂದು ಅಮ್ಮನಿಗೆ ತಿಳಿಸದೆ, ಅತ್ತಿಗೆಯೇ ತಣ್ಣನೆಯ ಗಂಜಿಗೆ ಪುಡಿ ಕಲಸಿ ಹಾಕಿದಳು. ಮರಿಗಳಿಗೆ ನೆಕ್ಕುವ ಶಕ್ತಿಯೂ ಉಳಿದಿರಲಿಲ್ಲ.

ಕೊನೆಯದೂ ಹೋದ ಬೆಳಿಗ್ಗೆ ದೊಡ್ಡಪ್ಪ ಇಬ್ಬರು ಆಳುಗಳನ್ನು ಕರೆತಂದರು. ಪುಡಿಯಾದರೂ ಸರಿಯಾಗಿ ಹಾಕಿದ್ರಾ ಎಂದು ಕೇಳಿದರು. ಅಮ್ಮ ಕುದಿಸಿದ ಮಾತೊಂದನ್ನು ಹೇಳಿಬಿಟ್ಟಿದ್ದರೆ ಇನ್ನೊಂದು ಸೂಲಿಗೆ ಅವಕಾಶ ಸಿಗುತ್ತಿತ್ತೇನೋ. ಅತ್ತಿಗೆ ಒಮ್ಮೆ ಅಮ್ಮನ ಕಡೆ ನೋಡಿದಳು.

"ಅತ್ತೆ ಒಂದು ಹೊತ್ತೂ ತಪ್ಪಿಸಲಿಲ್ಲ," ಎಂದಳು.

ಆಳುಗಳು ಮಾಡಿನ ತಗಡು ಕೀಳಲು ಹತ್ತಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತಿಗೆಯ ಬೆನ್ನು ಸವರಿದಳು. "ನಾ ಇನ್ನೂ ಸ್ವಲ್ಪ ಚೊಲೋ ಕುದಿಸಬೇಕಿತ್ತು, ಮಗಾ," ಎಂದಳು.