ಮೇಲ್ ನೋಡಿದ್ರಾ?

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನಿಧಾನವಾಗಿ ಬೇರೆಯವರ ಮೇಲೆ ಹಾಕಲು ಅನುಕೂಲ. ಹೈದರಾಬಾದಿನಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಆಫೀಸು ಏಳುತ್ತಿದ್ದ ಕಾಲ. ಕಂಪನಿ ಕೊಡಿಸಿದ ತರಬೇತಿಯಲ್ಲಿ ಟೈ ಕಟ್ಟಿದ ಮಹಾನುಭಾವನೊಬ್ಬ, 'ದಿನಕ್ಕೆ ಎರಡೇ ಸಲ ಮೇಲ್ ತೆರೆಯಿರಿ, ಉಳಿದ ಹೊತ್ತು ಕೆಲಸ ಮಾಡಿ' ಎಂದ. ಮೊದಲರ್ಧವನ್ನು ನಾನು ನಿಷ್ಠೆಯಿಂದ ಪಾಲಿಸಿದೆ. ಸಾಲದ್ದಕ್ಕೆ 'ಆಮೇಲೆ' ಎಂಬ ಫೋಲ್ಡರ್ ಮಾಡಿ, ಮ್ಯಾನೇಜರದ್ದು ಬಿಟ್ಟು ಮಿಕ್ಕವರ ಮೇಲ್‌ಗಳೆಲ್ಲ ತಾವಾಗಿಯೇ ಅಲ್ಲಿ ಹೋಗಿ ಬೀಳುವ ಏರ್ಪಾಡು ಮಾಡಿದೆ. ಅದನ್ನು ತೆರೆಯುವುದು ಯಾವಾಗ ಎಂದು ಮಹಾನುಭಾವ ಹೇಳಿರಲಿಲ್ಲ. ಇನ್‌ಬಾಕ್ಸ್ ಗುಡಿಸಿ ಸಾರಿಸಿದ ಅಂಗಳವಾಯಿತು. ಮಣಿಕೊಂಡ ಬಡಾವಣೆಯ ನನ್ನ ಬಾಡಿಗೆ ರೂಮಿನಲ್ಲಿ ಕಸಬರಿಗೆ ಮುಟ್ಟದವನಿಗೆ ಇದೇನು ಕಡಿಮೆ ಹೆಮ್ಮೆಯೇ?

ಈ ಧೈರ್ಯಕ್ಕೆ ಕಾರಣವಿತ್ತು. ನಮ್ಮಲ್ಲಿ ಮೇಲ್ ಕಳಿಸಿದವರು ಸುಮ್ಮನೆ ಕೂರುತ್ತಿರಲಿಲ್ಲ. ಅದರ ಹಿಂದೆಯೇ ಎದ್ದು ಬಂದು 'ಮೇಲ್ ನೋಡಿದ್ರಾ?' ಎಂದು ಕೇಳಿ, ಅದರಲ್ಲಿದ್ದುದನ್ನೆಲ್ಲ ಬಾಯಲ್ಲೇ ಒಪ್ಪಿಸುತ್ತಿದ್ದರು. ಹಿಂದೆ ರಾಜರ ಓಲೆ ತಂದ ದೂತ ಉತ್ತರಕ್ಕಾಗಿ ಕೈಕಟ್ಟಿ ನಿಂತಿರುತ್ತಿದ್ದನಂತೆ. ನಮ್ಮಲ್ಲಿ ರಾಜನೂ ಅವನೇ, ದೂತನೂ ಅವನೇ. ಹೀಗೆ ಬರುವವರನ್ನು ಚಹಾದ ಹೊತ್ತಿನಲ್ಲಿ ಅಣಕಿಸುವುದು ನನ್ನ ಉಪಕಸುಬು. ಹೊಟ್ಟೆಯನ್ನು ಮುಂದೆ ಕಳಿಸಿ, ಹಿಂದಿನಿಂದ ತಾವು ಬಂದು 'ಮೇಲ್ ಚೂಸಾರಾ?' ಎಂದು ತೆಲುಗಿನಲ್ಲಿ ಅದನ್ನೇ ಕೇಳುವ ಮ್ಯಾನೇಜರನ್ನು ನಾನು ಅವರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತಿದ್ದೆ.

ನನ್ನದೇ ತಂಡದ ರಾಯಚೂರಿನ ಸರೋಜಕ್ಕ ಮಾತ್ರ ಆ ವಾರ ಕೇಳಲು ಬರಲಿಲ್ಲ. ಶುಕ್ರವಾರ ಊರಲ್ಲಿ ಅವರ ಬಸುರಿ ತಂಗಿಯ ಕುಬುಸ, ಅಂದರೆ ಸೀಮಂತ. ಆ ದಿನದ ಅವರ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆಂದು ಮೇಲ್‌ನಲ್ಲಿ ಒಪ್ಪಿದರಷ್ಟೇ ಅವರಿಗೆ ರಜೆ. ಆ ಕೋರಿಕೆ ನನ್ನ 'ಆಮೇಲೆ'ಯೊಳಗೆ ಸುಖವಾಗಿ ಮಲಗಿತ್ತು.

ಶುಕ್ರವಾರ ಬೆಳಿಗ್ಗೆ ನೋಡಿದರೆ ಸರೋಜಕ್ಕ ಸೀಟಿನಲ್ಲೇ ಇದ್ದಾರೆ, ಫೋನಿನಲ್ಲಿ ಸಣ್ಣ ದನಿ: "ಇಲ್ಲವಾ, ರಜಾ ಸಿಗಲಿಲ್ಲ. ಅಳಬ್ಯಾಡ. ಕೈಗೆ ಹಸರ ಬಳಿ ಇಟ್ಟರೇನು?"

ಓಡಿ ಹೋಗಿ ಫೋಲ್ಡರ್ ತೆರೆದೆ. ಮುಖ ಸಣ್ಣದಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ! ಅವರ ಬಳಿ ಹೋಗಿ ಅಂದೆ: "ಅಕ್ಕಾ, ಎಲ್ಲಾರೂ ಬಂದು ಹೇಳ್ತಾರ. ನೀವೂ ಒಂದ್ ಮಾತು ಹೇಳಬಾರದಿತ್ತೇನ್ರಿ?"

ಸರೋಜಕ್ಕ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

"ಹೇಳಾಕ ಬಂದಿದ್ದೆನಪಾ. ನೀ ಎಲ್ಲಾರ ಮುಂದ ನನ್ನ ಹಂಗ ನಡದು ತೋರಸಾಕತ್ತಿದ್ದಿ. ಅವರೂ ಭಾಳ ನಗಾಕತ್ತಿದ್ರು. ನಡುವ ನಾ ಯಾಕ ಅಂತ ವಾಪಸ್ ಹೋದೆ."